ಕಾಶಿಯ ಗಾಳಿಯೂ ಕಾರ್ಬ್ಯುರೇಟರೂ

ಒಂದು ಲೀಟರು ಪೆಟ್ರೋಲನ್ನು ಪೂರ್ಣವಾಗಿ ಉರಿಸಬೇಕಾದರೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ ಬೇಕಾಗುತ್ತದೆ. ತೂಕದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಪೆಟ್ರೋಲು ಇದಕ್ಕಿಂತ ಹೆಚ್ಚಾಗಿದ್ದರೆ ಆ ಮಿಶ್ರಣವನ್ನು ಗಾಢವೆಂದೂ, ಕಡಮೆಯಾಗಿದ್ದರೆ ತೆಳುವೆಂದೂ ಕರೆಯೋಣ. ಮೋಟಾರು ಕಾರಿನ ಎಂಜಿನ್ನು ನಿಂತಲ್ಲಿಯೇ ಮೆಲ್ಲಗೆ ತಿರುಗುವಾಗಲೂ, ಏರುದಾರಿಯಲ್ಲಿ ಭಾರವೆಳೆಯುವಾಗಲೂ, ಬಯಲು ರಸ್ತೆಯಲ್ಲಿ ಪೂರ್ಣವೇಗದಿಂದ ಓಡುವಾಗಲೂ ಈ ಪ್ರಮಾಣವು ಹದಗೆಡದಂತೆ ಕಾಯುವ ಉಪಕರಣವೇ ಕಾರ್ಬ್ಯುರೇಟರು.

ಈಗಿನ ಹೊಸ ಕಾರುಗಳಲ್ಲಿ ಇದು ಕಾಣಸಿಗದು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸವನ್ನು ಅಲ್ಲಿ ಇಲೆಕ್ಟ್ರಾನಿಕ್ ಸಾಧನಗಳು ನಡೆಸುತ್ತವೆ. 2020ನೆಯ ಇಸವಿ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಿಂದಲೂ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಯಿತು. ಆದರೆ ಹಳೆಯ ಕಾರುಗಳನ್ನು ಅಕ್ಕರೆಯಿಂದ ಓಡಿಸುವವರ ಬಳಿ ಅದು ಇನ್ನೂ ದುಡಿಯುತ್ತಿದೆ. ಅದರ ದೋಷವನ್ನು ಕಂಡುಹಿಡಿಯುವ ಕ್ರಮದಲ್ಲಿ ಭೌತಶಾಸ್ತ್ರದ ಪಾಠ ಬಹಳವಿದೆ. ಕೈಗೆ ಸಿಕ್ಕಿದ ತಿರುಪನ್ನು ತಿರುಗಿಸುವ ಮೊದಲು ಕಾರಣವನ್ನು ಹುಡುಕಬೇಕೆಂಬ ಪಾಠವೂ ಇದೆ. ಹಳೆಯದೊಂದು ವೇಗದ ಕಾರನ್ನೂ, ದೂರದ ಕಾಶೀಪಟ್ಟಣವನ್ನೂ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿಚಾರಮಾಡೋಣ.

ಕಾಶಿಯನ್ನೇ ಆರಿಸಲು ಕಾರಣ

ಕಾಶಿಯೆಂದೊಡನೆ ನಮಗೆ ನೆನಪಾಗುವುದು ಗಂಗೆ, ಸ್ನಾನಘಟ್ಟಗಳು, ವಿಶ್ವನಾಥನ ಗುಡಿ. ಆದರೆ ಯಂತ್ರವಿದ್ಯೆಗೂ ಅದು ಹೆಸರಾದ ಊರು. ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಾಧಿಪತಿಗಳಾಗಿದ್ದ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ 1919ರಷ್ಟು ಹಿಂದೆಯೇ ಎಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಅಲ್ಲಿಯ ರೈಲ್ವೆ ಕಾರ್ಖಾನೆಯಿಂದ 1964ರಲ್ಲಿ ಮೊದಲ ಡೀಸೆಲ್ ರೈಲು ಎಂಜಿನ್ನು ಹೊರಬಂದಿತು. ಗಂಗೆಯ ಆಚೆಯ ದಡದಲ್ಲಿರುವ ರಾಮನಗರದ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಕಾಶೀ ಮಹಾರಾಜರ ಹಳೆಯ ಮೋಟಾರುಗಳನ್ನು ಇರಿಸಿದ್ದಾರೆ.

ನಮಗೆ ಇಲ್ಲಿ ಮುಖ್ಯವಾದದ್ದು ಕಾಶಿಯ ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಕಾಶಿ ಸುಮಾರು 80 ಮೀಟರು ಎತ್ತರದಲ್ಲಿ ಮಾತ್ರ. ವಾರಾಣಸಿಯಿಂದ ಹೊರಟು ಬೆಂಗಳೂರನ್ನು ಹಾಯ್ದು ಕನ್ಯಾಕುಮಾರಿಯನ್ನು ಮುಟ್ಟುತ್ತಿದ್ದ ಹೆದ್ದಾರಿಗೆ ಹಳೆಯ ಎಣಿಕೆಯಲ್ಲಿ 7ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರಿತ್ತು. ಆ ದಾರಿಯಲ್ಲಿ 1,700 ಕಿಲೋಮೀಟರಿಗೂ ಹೆಚ್ಚು ದೂರ ಹೋದ ಕಾರು ಬೇರೊಂದು ಊರನ್ನಷ್ಟೇ ಅಲ್ಲ, ಬೇರೊಂದು ಗಾಳಿಯನ್ನೂ ಸೇರುತ್ತದೆ. ಅಲ್ಲಿ ಬೇಸಗೆಯಲ್ಲಿ ಉಷ್ಣತೆ 45 ಡಿಗ್ರಿಯನ್ನು ಮುಟ್ಟುವುದುಂಟು. ಲೂ ಎಂಬ ಬಿಸಿಗಾಳಿ ಧೂಳನ್ನು ಹೊತ್ತು ಬೀಸುತ್ತದೆ. ಚಳಿಗಾಲದಲ್ಲಿ ಅದೇ ಊರಿನಲ್ಲಿ 5 ಡಿಗ್ರಿಯವರೆಗೆ ಇಳಿದು, ಬೆಳಗಿನ ಹೊತ್ತು ದಟ್ಟವಾದ ಮಂಜು ಕವಿಯುತ್ತದೆ. ಗಾಳಿಯನ್ನೇ ಆಹಾರವಾಗಿ ಉಳ್ಳ ಯಂತ್ರಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕಿಲ್ಲ.

ಇನ್ನು ಕಾರು ಯಾವುದು? ಇಂಗ್ಲೆಂಡಿನ ಆಬಿಂಗ್ಡನ್ ಊರಿನಲ್ಲಿ 1955ರಿಂದ 1962ರವರೆಗೆ ತಯಾರಾದ ಎಂ.ಜಿ.ಎ. ಎಂಬ ಇಬ್ಬರು ಕೂಡುವ ಕಾರನ್ನು ತೆಗೆದುಕೊಳ್ಳೋಣ. ಅದರ ಮೊದಲ ಮಾದರಿಯ ಎಂಜಿನ್ನು 1489 ಘನ ಸೆಂಟಿಮೀಟರಿನದು. ಗಂಟೆಗೆ 150 ಕಿಲೋಮೀಟರನ್ನು ಮೀರಿ ಓಡುತ್ತಿತ್ತು. ಇದನ್ನು ಕೇಳಿ ನಮಗೆ ತೀರ ಅಪರಿಚಿತವಾದ ವಸ್ತುವೆಂದು ಭಾವಿಸಬೇಕಾಗಿಲ್ಲ. 2014ರವರೆಗೆ ಬಂಗಾಳದ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಇದ್ದದ್ದು ಇದೇ ವಂಶದ, ಇದೇ 1489 ಘನ ಸೆಂಟಿಮೀಟರಿನ ಎಂಜಿನ್ನು. ಅಂಬಾಸಡರಿಗೆ ಎಸ್.ಯು. ಮಾದರಿಯ ಒಂದು ಕಾರ್ಬ್ಯುರೇಟರು, ಎಂ.ಜಿ.ಎ.ಗೆ ಅದೇ ಮಾದರಿಯವು ಎರಡು. ಆದುದರಿಂದ ಅಂಬಾಸಡರಿನ ಕಾರ್ಬ್ಯುರೇಟರನ್ನು ಬಲ್ಲವನಿಗೆ ಎಂ.ಜಿ.ಎ. ಕಾರಿನದನ್ನು ಅರಿಯುವುದು ಕಷ್ಟವಲ್ಲ. ಎರಡನ್ನೂ ಒಂದೇ ಹದಕ್ಕೆ ತರುವುದಷ್ಟೇ ಹೆಚ್ಚಿನ ಕೆಲಸ.

ಉಪಕರಣದ ರಚನೆ

ಗಾಳಿ ಇಕ್ಕಟ್ಟಾದ ದಾರಿಯಲ್ಲಿ ನುಗ್ಗುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಕಡಮೆಯಾಗುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ತತ್ತ್ವಕ್ಕೆ ಅವನ ಹೆಸರು ಬಂದಿದೆ. ಇಕ್ಕಟ್ಟಾದ ಆ ಸ್ಥಳದಲ್ಲಿ ಪೆಟ್ರೋಲಿನ ಸಣ್ಣ ನಳಿಗೆಯೊಂದನ್ನು ಇಟ್ಟರೆ, ಹೊರಗಿನ ವಾಯುವಿನ ಒತ್ತಡವೇ ಪೆಟ್ರೋಲನ್ನು ಮೇಲಕ್ಕೆ ತಳ್ಳಿ ತುಂತುರಾಗಿ ಚಿಮ್ಮಿಸುತ್ತದೆ. 1893ರ ಸುಮಾರಿನಲ್ಲಿ ಜರ್ಮನಿಯ ಮೇಬಾಕ್, ಹಂಗೇರಿಯ ಬಾಂಕಿ ಮತ್ತು ಚೋಂಕಾ ಇಂಥ ತುಂತುರು ಕಾರ್ಬ್ಯುರೇಟರುಗಳನ್ನು ರೂಪಿಸಿದರು.

ಇಲ್ಲಿ ಒಂದು ತೊಡಕುಂಟು. ನಮ್ಮ 1489 ಘನ ಸೆಂಟಿಮೀಟರಿನ ಎಂಜಿನ್ನು ನಿಮಿಷಕ್ಕೆ 5,000 ಸುತ್ತು ತಿರುಗುವಾಗ, ಉರುಳೆಗಳು ಪೂರ್ತಿ ತುಂಬಿದರೆ, ನಿಮಿಷಕ್ಕೆ 3,700 ಲೀಟರಿನಷ್ಟು ಗಾಳಿಯನ್ನು ಸೆಳೆಯುತ್ತದೆ. ನಿಂತಲ್ಲಿ ಮೆಲ್ಲಗೆ ತಿರುಗುವಾಗ ಅದರ ಒಂದು ಅಲ್ಪ ಭಾಗ ಸಾಕು. ಕೊಳವೆಯ ಕಂಠ ಒಂದೇ ಅಳತೆಯದಾದರೆ ಅದು ಒಂದು ಸ್ಥಿತಿಗೆ ಹಿಗ್ಗಲು, ಇನ್ನೊಂದಕ್ಕೆ ಬಿಗಿ. ಇಂಗ್ಲೆಂಡಿನ ಸ್ಕಿನ್ನರ್ ಸಹೋದರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು: ಕಂಠವೇ ಅಗತ್ಯಕ್ಕೆ ತಕ್ಕಂತೆ ಅಗಲವಾಗಲಿ! ಅವರದು ಪಾದರಕ್ಷೆಗಳ ವ್ಯಾಪಾರದ ಮನೆತನ. ಮೊದಮೊದಲಿನ ಉಪಕರಣಗಳಲ್ಲಿ ಕಂಠವನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದುದು ಚರ್ಮದ ತಿದಿ. ಸ್ಕಿನ್ನರ್ಸ್ ಯೂನಿಯನ್ ಎಂಬುದರ ಮೊದಲ ಅಕ್ಷರಗಳೇ ಎಸ್.ಯು.

ಮುಂದೆ ಚರ್ಮದ ತಿದಿಯ ಸ್ಥಾನಕ್ಕೆ ಲೋಹದ ಪಿಸ್ಟನ್ನು ಬಂದಿತು. ಕಾರ್ಬ್ಯುರೇಟರಿನ ಮೇಲ್ಭಾಗದಲ್ಲಿ ಗಂಟೆಯ ಆಕಾರದ ಕೋಣೆಯೊಂದಿದೆ. ಅದರೊಳಗೆ ಈ ಪಿಸ್ಟನ್ನು ಏರಿಳಿಯುತ್ತದೆ. ಆಕ್ಸಿಲರೇಟರನ್ನು ಕಾಲಿನಿಂದ ಒತ್ತಿದಂತೆ ಥ್ರಾಟಲ್ ಎಂಬ ಬಿಲ್ಲೆ ತೆರೆದುಕೊಳ್ಳುತ್ತದೆ, ಎಂಜಿನ್ನಿನ ಸೆಳೆತ ಮೇಲಿನ ಕೋಣೆಯನ್ನು ಮುಟ್ಟುತ್ತದೆ, ಪಿಸ್ಟನ್ನು ಮೇಲೇಳುತ್ತದೆ, ಗಾಳಿಗೆ ದಾರಿ ಅಗಲವಾಗುತ್ತದೆ. ಪಿಸ್ಟನ್ನಿನ ತಳದಲ್ಲಿ ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುವ ಒಂದು ಸೂಜಿಯಿದೆ. ಅದು ಜೆಟ್ ಎಂಬ ಪೆಟ್ರೋಲಿನ ನಳಿಗೆಯೊಳಗೆ ಇಳಿದಿರುತ್ತದೆ. ಪಿಸ್ಟನ್ನು ಏರಿದಷ್ಟೂ ಸೂಜಿಯ ಸಣ್ಣ ಭಾಗ ಜೆಟ್ಟಿನ ಬಾಯಿಗೆ ಬರುವುದರಿಂದ ಪೆಟ್ರೋಲಿನ ದಾರಿಯೂ ಅಗಲವಾಗುತ್ತದೆ. ಹೀಗೆ ಗಾಳಿಯೂ ಪೆಟ್ರೋಲೂ ಜೊತೆಜೊತೆಯಾಗಿ ಹೆಚ್ಚುತ್ತವೆ, ಜೊತೆಜೊತೆಯಾಗಿ ಕಡಮೆಯಾಗುತ್ತವೆ. ಅಕ್ಕಸಾಲಿಗನ ತಕ್ಕಡಿಯಂತೆ ಅಳೆಯುವ ಈ ಉಪಕರಣದಲ್ಲಿ ಚಲಿಸುವ ಭಾಗಗಳು ಬೆರಳೆಣಿಕೆಯಷ್ಟು ಮಾತ್ರ.

ಇನ್ನೆರಡು ಭಾಗಗಳನ್ನು ತಿಳಿದರೆ ಸಾಕು. ಪಕ್ಕದ ಕೋಣೆಯಲ್ಲಿ ಪೆಟ್ರೋಲಿನ ಮೇಲೆ ಒಂದು ಬುರುಡೆ ತೇಲುತ್ತಿರುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯ ತೇಲುಬುರುಡೆಯಂತೆಯೇ ಇದು ಮಟ್ಟ ಏರಿದಾಗ ಬಾಗಿಲು ಮುಚ್ಚಿ, ಇಳಿದಾಗ ತೆರೆಯುತ್ತದೆ. ಎರಡನೆಯದು ಪಿಸ್ಟನ್ನಿನ ನಡುವಿನ ಟೊಳ್ಳು ದಂಡದಲ್ಲಿರುವ ತೆಳುವಾದ ಎಣ್ಣೆ. ಥ್ರಾಟಲನ್ನು ಒಮ್ಮೆಲೇ ತೆರೆದಾಗ ಪಿಸ್ಟನ್ನು ಥಟ್ಟನೆ ಹಾರದಂತೆ ಈ ಎಣ್ಣೆ ತಡೆಯುತ್ತದೆ. ಆ ಕ್ಷಣದಲ್ಲಿ ಬೇಕಾದ ಗಾಢ ಮಿಶ್ರಣ ಎಂಜಿನ್ನಿಗೆ ಸಿಗುತ್ತದೆ. ಎಣ್ಣೆ ಬತ್ತಿದ ಕಾರು ಆಕ್ಸಿಲರೇಟರನ್ನು ಒತ್ತಿದಾಗ ಮುನ್ನುಗ್ಗುವ ಬದಲು ಒಂದು ಕ್ಷಣ ತಡವರಿಸುತ್ತದೆ. ಅಂಥ ಕಾರಿಗೆ ಬೇಕಾದದ್ದು ನಾಲ್ಕು ಹನಿ ಎಣ್ಣೆ. ತಿರುಪನ್ನು ತಿರುಗಿಸುವುದರಿಂದ ಪ್ರಯೋಜನವಿಲ್ಲ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಎಂಜಿನ್ನು ಸರಿಯಾಗಿ ಓಡದಿದ್ದರೆ ಎಲ್ಲರೂ ದೂರುವುದು ಕಾರ್ಬ್ಯುರೇಟರನ್ನೇ. ಅದರ ತಿರುಪುಗಳು ಕೈಗೆ ಸುಲಭವಾಗಿ ಎಟುಕುವುದೇ ಇದಕ್ಕೆ ಕಾರಣವಿರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಂಬ ಗಾದೆ ಇಲ್ಲಿ ನೂರಕ್ಕೆ ನೂರು ಸಲ್ಲುತ್ತದೆ. ಕಿಡಿಯ ದೋಷಕ್ಕಾಗಿ ಕಾರ್ಬ್ಯುರೇಟರನ್ನು ತಿರುಗಿಸಿದರೆ ಹಳೆಯ ದೋಷ ಉಳಿಯುವುದಲ್ಲದೆ ಹೊಸದೊಂದು ಸೇರುತ್ತದೆ. ಅನಂತರ ಯಾವುದು ಮೂಲ, ಯಾವುದು ಸೇರ್ಪಡೆ ಎಂದು ಬಿಡಿಸುವುದೇ ಕಷ್ಟ. ಕಾಶಿಯ ಕಡೆ ಮೋಟಾರು ಕೆಲಸಗಾರನನ್ನು ಮಿಸ್ತ್ರಿಯೆನ್ನುತ್ತಾರೆ. ನಮ್ಮ ಮೇಸ್ತ್ರಿಯೆಂಬ ಮಾತಿನ ಬಂಧುವೇ ಅದು. ಊರು ಯಾವುದಾದರೂ ಒಳ್ಳೆಯ ಮಿಸ್ತ್ರಿ ನಾಲ್ಕು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಕಾರ್ಬ್ಯುರೇಟರನ್ನು ಮುಟ್ಟುತ್ತಾನೆ.

ಮೊದಲನೆಯ ಪ್ರಶ್ನೆ: ಪೆಟ್ರೋಲು ಬರುತ್ತಿದೆಯೇ? ಎಂ.ಜಿ.ಎ. ಕಾರಿನಲ್ಲಿ ವಿದ್ಯುತ್ತಿನಿಂದ ನಡೆಯುವ ಪಂಪಿದೆ. ಕೀಲಿಯನ್ನು ತಿರುಗಿಸಿದೊಡನೆ ಅದು ಟಿಕ್ ಟಿಕ್ ಎಂದು ಬಡಿದು, ತೇಲುಬುರುಡೆಯ ಕೋಣೆ ತುಂಬಿದ ಮೇಲೆ ಸುಮ್ಮನಾಗಬೇಕು. ಎಂಜಿನ್ನು ನಿಂತಿರುವಾಗಲೂ ಬಡಿತ ನಿಲ್ಲದಿದ್ದರೆ ಎಲ್ಲೋ ಪೆಟ್ರೋಲು ಸೋರುತ್ತಿರಬಹುದು, ತೇಲುಬುರುಡೆಯ ಬಾಗಿಲು ಮುಚ್ಚದಿರಬಹುದು, ಇಲ್ಲವೇ ಪಂಪು ಗಾಳಿಯನ್ನು ಸೆಳೆಯುತ್ತಿರಬಹುದು. ಬಡಿತವೇ ಕೇಳಿಸದಿದ್ದರೆ ಪಂಪಿನ ಕಡೆಗೆ ಗಮನ ಕೊಡಬೇಕು.

ಎರಡನೆಯದು: ಕಿಡಿ ಸರಿಯಾದ ಕಾಲಕ್ಕೆ, ಸರಿಯಾದ ಬಲದಿಂದ ಹಾರುತ್ತಿದೆಯೇ? ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಣ ಅಂತರ 0.014ರಿಂದ 0.016 ಇಂಚು, ಪ್ಲಗ್ಗಿನ ತುದಿಗಳ ಅಂತರ 0.025 ಇಂಚು ಇರಬೇಕು. ಪಾಯಿಂಟು ಸುಟ್ಟಿದ್ದರೆ, ಕಂಡೆನ್ಸರು ಕೆಟ್ಟಿದ್ದರೆ ಕಾರು ಮುಗ್ಗರಿಸುವ ರೀತಿ ಮಿಶ್ರಣ ಕೆಟ್ಟಾಗ ಮುಗ್ಗರಿಸುವಂತೆಯೇ ಇರುತ್ತದೆ.

ಮೂರನೆಯದು: ನಾಲ್ಕು ಉರುಳೆಗಳಲ್ಲಿಯೂ ಒತ್ತಡ ಸಮನಾಗಿದೆಯೇ? ಕವಾಟವೊಂದು ಸುಟ್ಟು ಸೋರುತ್ತಿದ್ದರೆ ಎಂಥ ಕಾರ್ಬ್ಯುರೇಟರೂ ಆ ಉರುಳೆಯನ್ನು ದುಡಿಸಲಾರದು. ಪ್ಲಗ್ಗನ್ನು ತೆಗೆದು ಆ ಜಾಗದಲ್ಲಿ ಮಾಪಕವನ್ನಿಟ್ಟು ಇದನ್ನು ಅಳೆಯುತ್ತಾರೆ.

ನಾಲ್ಕನೆಯದು: ಕಳ್ಳಗಾಳಿ ನುಗ್ಗುತ್ತಿದೆಯೇ? ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಣ ಕೂಡಿಕೆ ಸಡಿಲವಾಗಿದ್ದರೆ, ಅಥವಾ ಥ್ರಾಟಲಿನ ಅಚ್ಚು ಸವೆದಿದ್ದರೆ, ಅಳತೆಗೆ ಸಿಕ್ಕದ ಗಾಳಿ ಒಳಸೇರಿ ಮಿಶ್ರಣವನ್ನು ತೆಳುಮಾಡುತ್ತದೆ. ಎಂಜಿನ್ನು ಮೆಲ್ಲಗೆ ತಿರುಗುತ್ತಿರುವಾಗ ಸಂಶಯವಿರುವ ಕೂಡಿಕೆಯ ಮೇಲೆ ಒಂದೆರಡು ಹನಿ ಎಣ್ಣೆ ಬಿಟ್ಟು ನೋಡಬೇಕು. ಎಂಜಿನ್ನಿನ ಧ್ವನಿ ಬದಲಾದರೆ ಕಳ್ಳ ಸಿಕ್ಕಿದಂತೆ.

ಪ್ಲಗ್ಗುಗಳನ್ನು ಬಿಚ್ಚಿ ನೋಡುವುದೂ ಒಂದು ಒಳ್ಳೆಯ ಪರೀಕ್ಷೆ. ತುದಿಯಲ್ಲಿ ಒಣ ಮಸಿ ಹಿಡಿದಿದ್ದರೆ ಮಿಶ್ರಣ ಗಾಢ. ಬೂದುಬಿಳುಪಾಗಿ ಸುಟ್ಟಂತಿದ್ದರೆ ತೆಳು. ತಿಳಿಯಾದ ಕಂದು ಬಣ್ಣವಿದ್ದರೆ ಹದ. ಎಣ್ಣೆಯಿಂದ ಒದ್ದೆಯಾಗಿದ್ದರೆ ತಪ್ಪು ಕಾರ್ಬ್ಯುರೇಟರಿನದಲ್ಲ, ಸವೆದ ಉರುಳೆ ಅಥವಾ ಕವಾಟದ್ದು. ಕಿವಿಯೂ ಸಾಕ್ಷಿ ಹೇಳುತ್ತದೆ. ಗಾಢ ಮಿಶ್ರಣದಿಂದ ಮುಗ್ಗರಿಸುವ ಎಂಜಿನ್ನು ಒಂದು ತಾಳಕ್ಕೆ ಸರಿಯಾಗಿ ಮುಗ್ಗರಿಸುತ್ತದೆ, ಹೊಗೆ ಕಪ್ಪು. ತೆಳು ಮಿಶ್ರಣದ್ದು ತಾಳತಪ್ಪಿ ಮುಗ್ಗರಿಸುತ್ತದೆ, ಹೊಗೆಗೆ ಬಣ್ಣವಿಲ್ಲ, ನಡುನಡುವೆ ಕಾರ್ಬ್ಯುರೇಟರಿನ ಬಾಯಿಂದ ಸೀನಿದಂತೆ ಶಬ್ದ ಬರುತ್ತದೆ.

ಒಂದೇ ಲಕ್ಷಣ, ನಾಲ್ಕು ಕಾರಣ

ಈಗ ಕಾಶಿಯಲ್ಲಿ ಎದುರಾಗಬಹುದಾದ ಒಂದು ಸಮಸ್ಯೆಯನ್ನು ಬಿಡಿಸೋಣ. ಕಾರು ಚೆನ್ನಾಗಿ ಹೊರಡುತ್ತದೆ. ಕೆಲವು ಕಿಲೋಮೀಟರು ಹೋದ ಮೇಲೆ ಶಕ್ತಿ ಕುಂದಿ ನಿಂತುಬಿಡುತ್ತದೆ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ದೋಷ ಎಲ್ಲಿದೆ?

ಮೇ ತಿಂಗಳಾಗಿದ್ದರೆ ಮೊದಲು ಶಂಕಿಸಬೇಕಾದದ್ದು ಪೆಟ್ರೋಲಿನ ಕುದಿತ. ಈ ವಂಶದ ಎಂಜಿನ್ನಿನಲ್ಲಿ ಹೊಗೆ ಹೋಗುವ ಕೊಳವೆಯೂ ಕಾರ್ಬ್ಯುರೇಟರೂ ಒಂದೇ ಪಕ್ಕದಲ್ಲಿವೆ. ಕೆಳಗಿನ ಕೊಳವೆಯ ಬಿಸಿ ಮೇಲಿನ ಕಾರ್ಬ್ಯುರೇಟರನ್ನು ಕಾಯಿಸುತ್ತದೆ. ಇಕ್ಕಟ್ಟಾದ ಬೀದಿಯಲ್ಲಿ ಸೈಕಲ್ ರಿಕ್ಷಾಗಳ ಹಿಂದೆ ಆಮೆಯಂತೆ ಸಾಗುವಾಗ ಗಾಳಿಯೋಟವಿಲ್ಲದೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲುದೇ ಹೊರತು ಆವಿಯನ್ನು ತಳ್ಳಲಾರದು. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಕಾರು ಹೊರಡುತ್ತದೆ. ಎಂಜಿನ್ನಿನ ಮೇಲೆಯೇ ಪಂಪಿರುವ ಕಾರುಗಳಲ್ಲಿ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ಹಳಬರ ಉಪಾಯ. ಬಟ್ಟೆ ಸುತ್ತಿದೊಡನೆ ಗುಣ ಕಂಡರೆ ಕಾರಣವೂ ಖಚಿತವಾದಂತೆಯೇ.

ಜನವರಿಯ ಮಂಜಿನ ಮುಂಜಾವಾಗಿದ್ದರೆ ಕಾರಣ ಇದಕ್ಕೆ ತೀರ ವಿರುದ್ಧ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಗಾಳಿಯಿಂದಲೂ ಲೋಹದಿಂದಲೂ ಉಷ್ಣವನ್ನು ಹೀರುತ್ತದೆ. ಅಂಗೈಯ ಮೇಲೆ ಸ್ಪಿರಿಟ್ಟನ್ನು ಹಾಕಿದಾಗ ತಣ್ಣಗಾಗುವುದನ್ನು ನೀವು ಬಲ್ಲಿರಿ. ಹೊರಗಿನ ಗಾಳಿ 8 ಅಥವಾ 10 ಡಿಗ್ರಿಯಿದ್ದು ತೇವದಿಂದ ತುಂಬಿದ್ದರೆ, ಕಾರ್ಬ್ಯುರೇಟರಿನ ಒಳಗೆ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು ಥ್ರಾಟಲಿನ ಸುತ್ತ ಮಂಜುಗಡ್ಡೆ ಕಟ್ಟಬಹುದು. ದಾರಿ ಮುಚ್ಚಿ ಎಂಜಿನ್ನು ನಿಲ್ಲುತ್ತದೆ. ಅನಂತರ ಎಂಜಿನ್ನಿನ ಬಿಸಿಯೇ ಮೇಲೇರಿ ಗಡ್ಡೆಯನ್ನು ಕರಗಿಸುತ್ತದೆ. ಕಾರನ್ನು ಬಿಚ್ಚಿ ನೋಡುವ ವೇಳೆಗೆ ಸಾಕ್ಷ್ಯವೆಲ್ಲ ನೀರಾಗಿ ಹೋಗಿರುತ್ತದೆ. ಆದುದರಿಂದ ನಿಂತ ಕೂಡಲೇ ನೋಡಬೇಕು.

ಕಾಲ ಯಾವುದಾದರೂ ಸರಿ, ಮೂರನೆಯ ಕಾರಣವೊಂದಿರಬಹುದು: ಪೆಟ್ರೋಲು ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ರಂಧ್ರ ಧೂಳಿನಿಂದ ಮುಚ್ಚಿಹೋಗಿರುವುದು. ಪೆಟ್ರೋಲು ಹೊರಗೆ ಹೋದಂತೆ ಟ್ಯಾಂಕಿನೊಳಗೆ ಒತ್ತಡ ಕಡಮೆಯಾಗಿ, ಕೊನೆಗೆ ಪಂಪಿಗೆ ಪೆಟ್ರೋಲು ಎಳೆಯಲಾಗದು. ಹೊತ್ತು ಕಳೆದಂತೆ ಗಾಳಿ ಮೆಲ್ಲನೆ ಒಳಸೇರಿ ಎಲ್ಲವೂ ಸರಿಹೋಗುತ್ತದೆ. ಕಾರು ನಿಂತೊಡನೆ ಮುಚ್ಚಳವನ್ನು ತೆರೆಯಿರಿ. ಸುಯ್ಯೆಂದು ಗಾಳಿ ನುಗ್ಗಿದರೆ ಉತ್ತರ ಸಿಕ್ಕಿತು. ನಾಲ್ಕನೆಯ ಕಾರಣ ಕಿಡಿಯ ಸುರುಳಿ, ಎಂದರೆ ಕಾಯಿಲ್. ಕೆಲವು ಹಳೆಯ ಸುರುಳಿಗಳು ಬಿಸಿಯಾದಾಗ ಕೈಕೊಟ್ಟು, ತಣಿದಾಗ ಮತ್ತೆ ದುಡಿಯುತ್ತವೆ. ನಿಂತ ಕ್ಷಣದಲ್ಲಿ ಕಿಡಿ ಇದೆಯೋ ಇಲ್ಲವೋ ಎಂಬುದರಿಂದ ಇದು ತೀರ್ಮಾನವಾಗುತ್ತದೆ.

ಕುದಿತ, ಹೆಪ್ಪು, ಮುಚ್ಚಿದ ರಂಧ್ರ, ಬಿಸಿಯಾದ ಸುರುಳಿ - ಲಕ್ಷಣ ಒಂದೇ, ಕಾರಣ ನಾಲ್ಕು. ಈ ನಾಲ್ಕರಲ್ಲಿ ಯಾವುದಕ್ಕೂ ಕಾರ್ಬ್ಯುರೇಟರಿನ ತಿರುಪಿನಲ್ಲಿ ಔಷಧವಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಹದಗೊಳಿಸುವ ಕ್ರಮ

ನಾಲ್ಕು ಪ್ರಶ್ನೆಗಳಿಗೂ ತೃಪ್ತಿಕರವಾದ ಉತ್ತರ ಸಿಕ್ಕಿದ ಮೇಲೆ ಕಾರ್ಬ್ಯುರೇಟರಿನ ಸರದಿ. ಎಂಜಿನ್ನು ಚೆನ್ನಾಗಿ ಬಿಸಿಯಾಗಿರಬೇಕು. ಗಾಳಿಯ ಜಾಲರಿಗಳನ್ನು ತೆಗೆದು ಶುಚಿಮಾಡಬೇಕು. ಲೂ ಗಾಳಿಯ ಧೂಳು ಕಟ್ಟಿದ ಜಾಲರಿಯೊಂದೇ ಮಿಶ್ರಣವನ್ನು ಗಾಢಮಾಡಬಲ್ಲುದು. ಎಸ್.ಯು. ಕಾರ್ಬ್ಯುರೇಟರಿನಲ್ಲಿ ಚೋಕಿನ ಗುಂಡಿಯನ್ನೆಳೆದರೆ ಜೆಟ್ಟೇ ಕೆಳಗಿಳಿಯುತ್ತದೆ. ಗುಂಡಿಯನ್ನು ಒಳಕ್ಕೆ ಒತ್ತಿದಾಗ ಜೆಟ್ಟು ಪೂರ್ತಿಯಾಗಿ ಮೇಲಕ್ಕೆ ಬರುವುದೋ ಎಂದು ನೋಡಬೇಕು. ಪಿಸ್ಟನ್ನನ್ನು ಬೆರಳಿನಿಂದ ಮೇಲಕ್ಕೆತ್ತಿ ಬಿಟ್ಟರೆ ಅದು ಸರಾಗವಾಗಿ ಇಳಿದು ಟಕ್ಕೆಂದು ಕೂರಬೇಕು. ಅಂಟಿಕೊಂಡರೆ ಕೊಳೆಯನ್ನು ಒರೆಸಬೇಕು, ಇಲ್ಲವೇ ಜೆಟ್ಟಿನ ನಡುವೆ ಸೂಜಿಯನ್ನು ನೇರವಾಗಿ ಕೂರಿಸಬೇಕು.

ಎರಡು ಕಾರ್ಬ್ಯುರೇಟರುಗಳಿರುವಲ್ಲಿ ಮೊದಲ ಕೆಲಸ ಗಾಳಿಯನ್ನು ಸಮನಾಗಿಸುವುದು. ಅವೆರಡನ್ನೂ ಕೂಡಿಸುವ ದಂಡದ ಬಿಗಿತವನ್ನು ಸಡಿಲಿಸಿ, ಒಂದು ಮಾರುದ್ದದ ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿಯಬೇಕು. ಸುಯ್ಯೆಂಬ ಶಬ್ದ ಕೇಳಿಸುತ್ತದೆ. ಒಂದು ಬಾಯಿಯಿಂದ ಇನ್ನೊಂದಕ್ಕೆ ಕೊಳವೆಯನ್ನು ಒಯ್ಯುತ್ತ, ಎರಡರ ಶಬ್ದವೂ ಒಂದೇ ಆಗುವವರೆಗೆ ಥ್ರಾಟಲಿನ ತಿರುಪುಗಳನ್ನು ಸರಿಪಡಿಸಿ, ದಂಡವನ್ನು ಮತ್ತೆ ಬಿಗಿಯಬೇಕು. ತಂಬೂರಿಯ ತಂತಿಗಳನ್ನು ಶ್ರುತಿಗೂಡಿಸುವ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಎರಡನೆಯ ಕೆಲಸ ಮಿಶ್ರಣದ್ದು. ಜೆಟ್ಟಿನ ಕೆಳಗೆ ಆರು ಮುಖಗಳ ನಟ್ಟೊಂದಿದೆ. ಅದನ್ನು ಮೇಲಕ್ಕೆ ತಿರುಗಿಸಿದರೆ ಜೆಟ್ಟು ಮೇಲೇರಿ ಮಿಶ್ರಣ ತೆಳುವಾಗುತ್ತದೆ. ಕೆಳಕ್ಕೆ ತಿರುಗಿಸಿದರೆ ಗಾಢವಾಗುತ್ತದೆ. ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಬೇಕು. ಆಮೇಲೆ ಒಂದು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಕೂದಲೆಳೆಯಷ್ಟು, ಸುಮಾರು 0.8 ಮಿಲಿಮೀಟರು, ಎತ್ತಿ ಪರೀಕ್ಷಿಸಬೇಕು. ಎತ್ತಿದಾಗ ಎಂಜಿನ್ನಿನ ವೇಗ ಹೆಚ್ಚಿ ಹಾಗೆಯೇ ನಿಂತರೆ ಮಿಶ್ರಣ ಗಾಢ. ವೇಗ ಕುಗ್ಗಿ ಎಂಜಿನ್ನು ನಿಲ್ಲುವಂತಾದರೆ ತೆಳು. ಒಂದು ಕ್ಷಣ ತುಸು ಹೆಚ್ಚಿ ಮತ್ತೆ ಮೊದಲಿನಂತಾದರೆ ಹದ ಸರಿಯಾಗಿದೆ. ಇದರ ಕಾರಣ ಸುಲಭ: ಪಿಸ್ಟನ್ನನ್ನು ಎತ್ತಿದಾಗ ಗಾಳಿಯ ಸೆಳೆತ ಕಡಮೆಯಾಗಿ ಮಿಶ್ರಣ ಕೊಂಚ ತೆಳುವಾಗುತ್ತದೆ. ಗಾಢವಾಗಿದ್ದವನಿಗೆ ಅದು ಪಥ್ಯ. ಮೊದಲೇ ತೆಳುವಾಗಿದ್ದವನಿಗೆ ಉಪವಾಸ.

ಎರಡನೆಯ ಕಾರ್ಬ್ಯುರೇಟರಿಗೂ ಇದೇ ಪರೀಕ್ಷೆ. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದರ ಮೇಲೂ ಪರಿಣಾಮ ಮಾಡುವುದರಿಂದ ಮತ್ತೊಮ್ಮೆ ಮೊದಲನೆಯದಕ್ಕೆ ಹಿಂದಿರುಗಬೇಕು. ಕೊನೆಗೆ ಶಬ್ದದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಕಾರನ್ನು ರಸ್ತೆಯಲ್ಲಿ ಓಡಿಸಿ, ಪ್ಲಗ್ಗುಗಳ ಬಣ್ಣವನ್ನು ನೋಡಬೇಕು. ಹೊಗೆ ತಪಾಸಣೆಯ ಕೇಂದ್ರದಲ್ಲಿ ಇಂಗಾಲದ ಮಾನಾಕ್ಸೈಡನ್ನು ಅಳೆಯುವ ಯಂತ್ರವಿರುತ್ತದೆ. ತೀರ ಹಳೆಯ ಪೆಟ್ರೋಲು ಕಾರುಗಳಿಗೆ ನಿಯಮ ಒಪ್ಪುವ ಮಿತಿ ಶೇಕಡ 3. ಕಿವಿ ಕಣ್ಣುಗಳ ತೀರ್ಪನ್ನು ಆ ಯಂತ್ರದ ಅಂಕಿಯೊಡನೆ ತಾಳೆನೋಡುವುದು ಒಳ್ಳೆಯದು.

ಗಾಳಿಯ ಲೆಕ್ಕ

ಬೆಂಗಳೂರಿನಲ್ಲಿ ಹಲವು ವರ್ಷಗಳ ಹಿಂದೆ, ಅಚ್ಚ ಪೆಟ್ರೋಲಿಗೆ ತಕ್ಕಂತೆ, 25 ಡಿಗ್ರಿಯ ಹಿತವಾದ ಹವೆಯಲ್ಲಿ ಹದಗೊಳಿಸಿದ ಎಂ.ಜಿ.ಎ. ಕಾರು ಈಗ ಜನವರಿಯಲ್ಲಿ ಕಾಶಿಯನ್ನು ಸೇರಿತೆಂದು ಭಾವಿಸಿರಿ. ಮಿಶ್ರಣ ಎಷ್ಟು ಬದಲಾದೀತು? ಕಾರ್ಬ್ಯುರೇಟರಿನಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಇಷ್ಟೆಂದು ಬದಲಾದರೆ, ಮಿಶ್ರಣದ ಪ್ರಮಾಣ ಸುಮಾರು ಅದರ ಅರ್ಧದಷ್ಟು ಬದಲಾಗುತ್ತದೆಂಬುದು ಸೂತ್ರ.

ಎತ್ತರದಿಂದ ಇಳಿದ ಕಾರಣ ಗಾಳಿಯ ಸಾಂದ್ರತೆ ಸುಮಾರು ಶೇಕಡ 9 ಅಥವಾ 10ರಷ್ಟು ಹೆಚ್ಚುತ್ತದೆ; ಮಿಶ್ರಣ ಶೇಕಡ 4ರಿಂದ 5ರಷ್ಟು ತೆಳುವಾಗುತ್ತದೆ. 25 ಡಿಗ್ರಿಯಿಂದ 5 ಡಿಗ್ರಿಗೆ ಇಳಿದ ಚಳಿಯಿಂದ ಇನ್ನೂ ಶೇಕಡ 3ಕ್ಕೂ ಸ್ವಲ್ಪ ಹೆಚ್ಚು. ಮೂರನೆಯದಾಗಿ ಪೆಟ್ರೋಲೇ ಬದಲಾಗಿದೆ. 2025ರ ವೇಳೆಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲನ್ನು ಬೆರೆಸುವ ಗುರಿ ಕೈಗೂಡಿತು. ಎಥನಾಲಿನಲ್ಲಿ ಆಮ್ಲಜನಕ ಅಡಕವಾಗಿರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಮೆ: ಒಂದು ಪಾಲಿಗೆ 9 ಪಾಲು ಮಾತ್ರ. ಬೆರಕೆ ಪೆಟ್ರೋಲಿಗೆ ಬೇಕಾದದ್ದು ಸುಮಾರು 13.5 ಪಾಲು. ಹಳೆಯ ಅಳತೆಯಲ್ಲಿಯೇ ಇದನ್ನು ಉರಿಸಿದರೆ ಮಿಶ್ರಣ ಮತ್ತೆ ಶೇಕಡ 8ರಷ್ಟು ತೆಳು. ಮೂರನ್ನೂ ಕೂಡಿದರೆ ಶೇಕಡ 15ಕ್ಕೂ ಮೇಲಾಗುತ್ತದೆ. ಆಗ ಎಂಜಿನ್ನು ಸೀನುವುದರಲ್ಲಿ ಏನೂ ಆಶ್ಚರ್ಯವಿಲ್ಲ. ಮಿಶ್ರಣ ಹೀಗೆ ತೆಳುವಾದಾಗ ಉರಿ ನಿಧಾನವಾಗಿ, ಹೊಗೆಯ ಕವಾಟವನ್ನು ದಾಟುವಾಗಲೂ ಉರಿಯುತ್ತಲೇ ಇರುತ್ತದೆ, ಕವಾಟ ಸುಟ್ಟುಹೋಗುತ್ತದೆ. ಅರುವತ್ತು ವರ್ಷಗಳ ಹಿಂದಿನ ಎಂಜಿನ್ನಿಗೆ ಇದು ಸಣ್ಣ ಪೆಟ್ಟಲ್ಲ.

ಅದೇ ಕಾರು ಮೇ ತಿಂಗಳವರೆಗೆ ಕಾಶಿಯಲ್ಲಿಯೇ ಉಳಿದರೆ? 5 ಡಿಗ್ರಿಯಿಂದ 45 ಡಿಗ್ರಿಗೆ ಏರಿದಾಗ ಗಾಳಿಯ ಸಾಂದ್ರತೆ ಎಂಟರಲ್ಲಿ ಒಂದು ಭಾಗದಷ್ಟು ಕಡಮೆಯಾಗಿ, ಮಿಶ್ರಣ ಶೇಕಡ 6ರಷ್ಟು ಗಾಢವಾಗುತ್ತದೆ. ಎಂದರೆ ಬೆಂಗಳೂರಿನ ಎತ್ತರದಿಂದ ಕಾಶಿಯ ಬಯಲಿಗೆ ಇಳಿದುದಕ್ಕಿಂತಲೂ, ಕಾಶಿಯಲ್ಲಿಯೇ ಋತು ಬದಲಾದದ್ದು ಹೆಚ್ಚಿನ ವ್ಯತ್ಯಾಸವನ್ನು ಮಾಡುತ್ತದೆ! ಜನವರಿಯಲ್ಲಿ ಸರಿಯಾಗಿದ್ದ ಹದ ಮೇ ತಿಂಗಳಲ್ಲಿ ಸರಿಯಾಗಿರುವುದೆಂದು ನಂಬಲಾಗದು. ಎಥನಾಲು ನೀರನ್ನು ಹೀರುವುದು, ಹಳೆಯ ಕಾಲದ ರಬ್ಬರು ಮತ್ತು ಬೆಂಡಿನ ಭಾಗಗಳನ್ನು ಕೆಡಿಸುವುದು. ಇದಕ್ಕಾಗಿ ಕೊಳವೆಗಳನ್ನೂ ಪೊಟ್ಟಣಿಗಳನ್ನೂ ಹೊಸ ಬಗೆಯವಕ್ಕೆ ಬದಲಾಯಿಸುವುದು ಕ್ಷೇಮ.

ಕೆಲವು ಎಚ್ಚರಿಕೆಯ ಮಾತುಗಳು

ಈ ಕೆಲಸವನ್ನು ಬಲ್ಲವರ ಸಮ್ಮುಖದಲ್ಲಿಯೇ ನೋಡಿ ಕಲಿಯಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಎಂದಿಗೂ ಓಡಿಸಬಾರದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣವನ್ನೇ ತೆಗೆಯುತ್ತದೆ. ಚಳಿಯೆಂದು ಬಾಗಿಲು ಹಾಕಿಕೊಂಡು ಎಂಜಿನ್ನು ನಡೆಸುವುದು ಎಲ್ಲಕ್ಕಿಂತ ಅಪಾಯ. ಪೆಟ್ರೋಲಿನ ಆವಿ ನೆಲದ ಮಟ್ಟದಲ್ಲಿ ದೂರದವರೆಗೆ ಹರಿಯುವುದರಿಂದ ಹತ್ತಿರದಲ್ಲಿ ಬೆಂಕಿಯಿರಕೂಡದು. ಕಿಡಿಯನ್ನು ಪರೀಕ್ಷಿಸುವಾಗ ಪೆಟ್ರೋಲು ಚೆಲ್ಲಿರದಂತೆ ನೋಡಿಕೊಳ್ಳಬೇಕು. ತಿರುಗುವ ಬೀಸಣಿಗೆಯ ಬಳಿ ಸಡಿಲವಾದ ಉಡುಪು ಸಲ್ಲದು.

ಕೊನೆಯದಾಗಿ ಇನ್ನೊಂದು ಮಾತು. ಹದಗೊಳಿಸುವವನ ಬಳಿ ತಿರುಪುಳಿ, ರಬ್ಬರು ಕೊಳವೆಗಳೊಡನೆ ಒಂದು ನೋಟುಪುಸ್ತಕವೂ ಇರಬೇಕು. ಅಂದಿನ ಉಷ್ಣತೆ ಎಷ್ಟಿತ್ತು, ನಟ್ಟು ಮೊದಲು ಯಾವ ಸ್ಥಾನದಲ್ಲಿತ್ತು, ಯಾವ ಕಡೆಗೆ ಎಷ್ಟು ಮುಖ ತಿರುಗಿಸಲಾಯಿತು, ಅದರಿಂದ ಆದ ಪರಿಣಾಮವೇನು ಎಂಬುದನ್ನು ಆಗಿಂದಾಗಲೇ ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣ ಕೊಟ್ಟದ್ದು ಯಾವುದೆಂದು ತಿಳಿಯದು. ಒಂದನ್ನೇ ಬದಲಾಯಿಸಿದವನು ತಪ್ಪಿದರೂ ಹಿಂದಿನ ಸ್ಥಾನಕ್ಕೆ ಮರಳಬಲ್ಲನು. ಶಾಲೆಯ ಪ್ರಯೋಗಶಾಲೆಯಲ್ಲಿ ನಮ್ಮ ಉಪಾಧ್ಯಾಯರು ಇದೇ ಮಾತನ್ನು ದಿನವೂ ಹೇಳುತ್ತಾರೆ. ಕಾಶಿಯ ಯಾವುದಾದರೊಂದು ಬೀದಿಯ ಬದಿಯಲ್ಲಿ ಹಳೆಯ ಅಂಬಾಸಡರಿನ ಮೇಲೆ ಬಾಗಿ, ರಬ್ಬರು ಕೊಳವೆಯನ್ನು ಕಿವಿಗಿಟ್ಟು ಆಲಿಸುವ ಮಿಸ್ತ್ರಿ ಅನುಸರಿಸುವುದೂ ಇದೇ ಕ್ರಮವನ್ನೇ.